ಗಾಳಿ ತೊಳೆಯುವ ಅಳಿಯ

ನನ್ನ ಉದ್ಯೋಗದ ಹೆಸರು ಹೇಳಿದರೆ ಅರ್ಧ ಜನ ನಗುತ್ತಾರೆ. ಉಳಿದವರು ನಾನು ಕೆಲಸ ಮುಗಿಸಿ ಕರ್ರಗಾಗಿ ಇಳಿದು ಬಂದ ಮೇಲೆ ನಗುತ್ತಾರೆ. ಮಾಡಿನ ಕೆಳಗೆ ತಗಡಿನ ಕೊಳವೆಯಲ್ಲಿ ಎ.ಸಿ. ಗಾಳಿ ಓಡಾಡುತ್ತದಲ್ಲ, ಅದಕ್ಕೆ ಡಕ್ಟ್ ಅನ್ನುತ್ತಾರೆ. ಅದರೊಳಗೆ ಬ್ರಷ್ ತಿರುಗಿಸಿ, ಕೂತ ಧೂಳನ್ನು ದೊಡ್ಡ ಮಷೀನಿನಿಂದ ಎಳೆದು ತೆಗೆಯುವವನು ನಾನು. ಹುಬ್ಬಳ್ಳಿಯಲ್ಲಿ ಕಲಿತು ಬಂದು ಗಜೇಂದ್ರಗಡದಲ್ಲಿ ಬೋರ್ಡು ಹಾಕಿದೆ. ರೋಣ, ನರಗುಂದ ಸೇರಿ ಮೂರು ಊರಿಗೆ ನಾನೊಬ್ಬನೇ. ಪೈಪೋಟಿ ಇರಲಿಲ್ಲ, ಗಿರಾಕಿಯೂ ಇರಲಿಲ್ಲ.

ನರಗುಂದದಲ್ಲಿ ನನ್ನ ಮಾವನವರ ಕಾಳಿನ ಅಂಗಡಿ ಇದೆ. ಅವರು ಒಂದು ದಿನ ಕರೆದು ಕೂರಿಸಿ ಹೇಳಿದರು: "ಅಳಿಯಂದ್ರು ಏನ್ ಮಾಡ್ತಾರ್ರಿ ಅಂತ ಮಂದಿ ಕೇಳ್ತಾರ. ಗಾಳಿ ತೊಳೀತಾರ ಅಂತ ಹೇಳಾಕ ನಾಚಿಕಿ ಬರ್ತೈತಿ. ಯುಗಾದಿ ತನಕಾ ನೋಡ್ತೀನಿ. ಆಮ್ಯಾಲ ಆ ಮಷೀನ ಮಾರಿ ನಮ್ಮ ಅಂಗಡ್ಯಾಗ ತಕ್ಕಡಿ ಹಿಡೀರಿ."

ಮಾವನ ಕಣ್ಣೆದುರು ದಿನವಿಡೀ ತಕ್ಕಡಿ ಹಿಡಿಯುವುದೆಂದರೆ ಏನೆಂದು ಅಳಿಯನಾದವನಿಗೇ ಗೊತ್ತು. ಸಿಕ್ಕ ಕೆಲಸವನ್ನೆಲ್ಲ ಒಪ್ಪಿಕೊಳ್ಳತೊಡಗಿದೆ.

ಧೂಪದ ದಾರಿ

ಗಜೇಂದ್ರಗಡದ ಒಂದು ಸೀರೆ ಅಂಗಡಿಯಲ್ಲಿ ತಿಳಿಬಣ್ಣದ ಸೀರೆ ಬಿಡಿಸಿಟ್ಟರೆ ಸಾಕು, ಮೇಲಿನಿಂದ ಕಪ್ಪು ಚುಕ್ಕೆ ಉದುರುತ್ತಿದ್ದವು. ಗಿರಾಕಿಗಳು ಇದೇ ಡಿಸೈನಿರಬೇಕು ಎಂದು ಕೆಲವು ದಿನ ಕೊಂಡರು. ಆಮೇಲೆ ಮರಳಿ ತಂದರು. ಮಾಲಕರು ನನ್ನನ್ನು ಕರೆಸಿದರು.

ಡಕ್ಟಿನ ಒಳಗೆ ನೋಡಿದರೆ ಒಲೆಯ ಬಾಯಿ! ಎ.ಸಿ. ಅಂಗಡಿಯಲ್ಲಿ ಇಷ್ಟು ಮಸಿ ಎಲ್ಲಿಂದ ಬಂತು ಎಂದು ಕೇಳಿದೆ. ಮಾಲಕರು ಹೆಮ್ಮೆಯಿಂದ ಹೇಳಿದರು: "ಮುಂಜಾನಿ ಶಟರ್ ತಗದ ಕೂಡ್ಲೆ ಧೂಪ ಹಾಕ್ತೀನ್ರಿ. ಲಕ್ಷ್ಮೀ ಪೂಜಿ. ಮೂಲಿ ಮೂಲಿಗೂ ಹೊಗಿ ಮುಟ್ಟಬೇಕು. ಮೊಣಕಾಲ ನೋವು, ನಾ ಎಲ್ಲಿ ತಿರುಗ್ಲಿ? ಎ.ಸಿ. ಗಾಳಿ ಒಳಗ ಎಳಕೊಳ್ಳೂ ಜಾಗಾಕ್ಕ ಧೂಪದಾರತಿ ಹಿಡೀತೀನಿ. ಅದ ತಿರುಗಿ ಬರ್ತೈತಿ."

ದಿನವಿಡೀ ಉಜ್ಜಿ ಒಂದು ಚೀಲ ಮಸಿ ಇಳಿಸಿದೆ. ತಿಪ್ಪೆಗೆ ಒಯ್ಯಲು ಎತ್ತಿದರೆ ಮಾಲಕರು ಕೈ ಹಿಡಿದರು. "ದೇವಿಗೆ ಹಾಕಿದ ಧೂಪಾನ ತಿಪ್ಪಿಗೆ ಚೆಲ್ತೀರೇನ್ರಿ?" ಹೊಸ ಬಟ್ಟೆಯಲ್ಲಿ ಕಟ್ಟಿ ಬಾಗಿಲ ಮೇಲೆ ತೂಗಿಸಿದರು. ಧೂಪವನ್ನು ಇನ್ನು ಮೇಲೆ ಬಾಗಿಲಲ್ಲೇ ಹಾಕಿರಿ ಎಂದು ಸಾರಿ ಸಾರಿ ಹೇಳಿ ಬಂದೆ.

ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಅದೇ ಜಾಗ, ಅದೇ ಧೂಪದಾರತಿ. ನನ್ನನ್ನು ಕಂಡು ಮುಖ ಅರಳಿಸಿದರು. "ಬರ್ರಿ ಬರ್ರಿ! ಸ್ವಚ್ಛ ಆದ ಮ್ಯಾಲ ಹೊಗಿ ಎಷ್ಟ ಚಲೋ ಎಳೀತೈತಿ ನೋಡ್ರಿ!"

ಖಾನಾವಳಿಯ ವಾಸನೆ

ರೋಣದ ಬಸ್‌ಸ್ಟ್ಯಾಂಡ್ ಹತ್ತಿರ ಒಬ್ಬ ಅಕ್ಕನವರ ಖಾನಾವಳಿ. ಹೊಗೆ ಹೊರಗೆ ಹಾಕುವ ಕೊಳವೆ ಎಣ್ಣೆ, ಜಿಡ್ಡು ಹಿಡಿದು ಕಟ್ಟಿಹೋಗಿತ್ತು. ಒಗ್ಗರಣೆ ಹಾಕಿದರೆ ರೊಟ್ಟಿ ಬಡಿಯುವವರ ಕಣ್ಣಲ್ಲಿ ನೀರು. ನಾನು ಕೊಳವೆಯನ್ನು ಫಳಫಳ ಮಾಡಿಕೊಟ್ಟೆ. ಹೊಗೆ ಸೀದಾ ಆಕಾಶಕ್ಕೆ ಹೋಯಿತು.

ವಾರ ಕಳೆಯುವಷ್ಟರಲ್ಲಿ ಅಕ್ಕನವರ ಫೋನು. "ಏನ್ ಮಾಡಿ ಹೋದ್ರಿ? ಗಿರಾಕಿ ಕಡಿಮಿ ಆಗ್ಯಾರಲ್ಲ!"

ಹೋಗಿ ನಿಂತು ನೋಡಿದ ಮೇಲೆ ತಿಳಿಯಿತು. ಮೊದಲು ಹೊಗೆ ಬಾಗಿಲಿಂದ ಹೊರಬಿದ್ದು, ಎಣ್ಣೆಗಾಯಿಯ ಘಮವನ್ನು ಬಸ್‌ಸ್ಟ್ಯಾಂಡಿನ ತನಕ ಹೊತ್ತೊಯ್ಯುತ್ತಿತ್ತು. ಆ ವಾಸನೆಯೇ ಅವರ ಬೋರ್ಡು. ಈಗ ಅದು ಕಾಗೆಗಳಿಗೆ ಮಾತ್ರ ತಲುಪುತ್ತಿತ್ತು. ಏಣಿ ಹಾಕಿ ಕೊಳವೆಯ ಬಾಯಿಯನ್ನು ಬಸ್‌ಸ್ಟ್ಯಾಂಡಿನ ಕಡೆಗೆ ತಿರುಗಿಸಿದೆ.

ಮಧ್ಯಾಹ್ನದೊಳಗೆ ಖಾನಾವಳಿ ತುಂಬಿತು. ಅಷ್ಟರಲ್ಲಿ ಒಬ್ಬ ಕಂಡಕ್ಟರ್ ಕೂಗುತ್ತ ಬಂದ: "ಆ ಪೈಪ ಈ ಕಡಿ ತಿರುವಿದವರು ಯಾರ್ರೀ? ಡ್ರೈವರ್ ಇಳದ ಬಂದ, ಅವನ ಹಿಂದ ಪ್ಯಾಸೆಂಜರೂ ಇಳದ ಬಂದ್ರು. ಬಸ್ಸಿನ್ಯಾಗ ಯಾರೂ ಇಲ್ಲ!" ಹಾಗೆನ್ನುತ್ತ ತಾನೂ ಒಂದು ತಾಟು ಎಳೆದುಕೊಂಡು ಕೂತ.

ಈ ಸುದ್ದಿ ನನಗಿಂತ ಮೊದಲು ನರಗುಂದ ಮುಟ್ಟಿತು. ಮಾವನವರು ಫೋನಿನಲ್ಲಿ ಹೇಳಿದರು: "ಗಾಳಿ ತೊಳಿಯೂದು ಹೋಗಿ ಈಗ ವಾಸನಿ ಮಾರೂದು ಸುರು ಆತೇನ್ರಿ?"

ಆಯಿಯ ಕಿವಿ

ಯುಗಾದಿ ಹತ್ತಿರ ಬಂತು. ಮಾವನವರು ಕಡೆಯ ಪರೀಕ್ಷೆ ಎಂಬಂತೆ ತಮ್ಮ ಮನೆಯ ಡಕ್ಟನ್ನೇ ತೊಳೆಯಲು ಕರೆದರು. ಊರಿಗೇ ಮೊದಲು ತಮ್ಮ ಮನೆ ಇಡೀ ತಂಪಾಗಬೇಕೆಂದು ಅಡುಗೆಮನೆಗೂ ಒಂದು ಗಾಳಿಬಾಯಿ, ಅವರ ತಾಯಿಯ ಕೋಣೆಗೂ ಒಂದು ಗಾಳಿಬಾಯಿ ಇಡಿಸಿದ್ದರು. ಆ ತಾಯಿಗೆ ನಾವೆಲ್ಲ ಆಯಿ ಅನ್ನುತ್ತೇವೆ. ಆಯಿ ಎಂದರೆ ಮನೆಯಲ್ಲಿ ಎಲ್ಲರಿಗೂ ಅಂಜಿಕೆ. ಸೊಸೆ, ಅಂದರೆ ನನ್ನ ಅತ್ತೆ, ಅಡುಗೆಮನೆಯಲ್ಲಿ ತನ್ನಷ್ಟಕ್ಕೆ ಗೊಣಗಿದ್ದೂ ಆಯಿಗೆ ಗೊತ್ತಾಗುತ್ತಿತ್ತು. ದೇವಿ ಕಿವಿಯಲ್ಲಿ ಹೇಳುತ್ತಾಳೆಂದೇ ಎಲ್ಲರ ನಂಬಿಕೆ. ಒಂದು ವರ್ಷದಿಂದ ಮಾತ್ರ ದೇವಿ ಸುಮ್ಮನಾಗಿದ್ದಳು.

ಮಧ್ಯಾಹ್ನ ಕೆಲಸ ಮುಗಿಸಿ, ಮಷೀನು ಬಂದ್ ಮಾಡಿ, ಆಯಿಯ ಕೋಣೆಯ ಗಾಳಿಬಾಯಿಗೆ ಜಾಳಿಗೆಯನ್ನು ತಿರುಗಿ ಕೂರಿಸುತ್ತಿದ್ದೆ. ಅದರೊಳಗಿಂದ ಅತ್ತೆಯ ದನಿ ಗಂಟೆ ಬಾರಿಸಿದಂತೆ ಬಂತು: "ಮುದುಕಿ ಖಾರ ಕಡಿಮಿ ಹಾಕು ಅಂದಾಳ. ಎರಡ ಚಮಚಾ ಜಾಸ್ತಿನ ಹಾಕ್ತೀನಿ."

ಮಲಗಿದ್ದ ಆಯಿ ಧಡಕ್ಕನೆ ಎದ್ದು ಕೂತಳು. ಕಣ್ಣಲ್ಲಿ ನೀರು.

"ತಮ್ಮಾ, ಕೇಳಸ್ತೋ! ವರ್ಷಾತು ಮಂದ ಆಗಿತ್ತು. ಕಿವಿ ಹೋದವು ಅಂತ ಹುಬ್ಬಳ್ಳಿ ದವಾಖಾನಿಗೆ ಹೋಗಿದ್ದೆ. ಕಿವಿ ಚಲೋ ಅದಾವ ಅಂದ ಡಾಕ್ಟರ. ನಿನಗೇನ ತಿಳೀತೈತಿ ಅಂತ ಅವಗ ಬೈದ ಬಂದೆ. ಕೆಟ್ಟಿದ್ದು ಕಿವಿ ಅಲ್ಲಾ, ಪೈಪ!" ದನಿ ತಗ್ಗಿಸಿದಳು. "ಯಾರ ಮುಂದೂ ಬಾಯಿ ಬಿಡಬ್ಯಾಡ. ವರ್ಷಾ ವರ್ಷಾ ಬಂದು ತೊಳಿ."

ಊಟಕ್ಕೆ ಕೂತಾಗ ಮಾವನವರು ಗಂಟಲು ಸರಿಮಾಡಿಕೊಂಡರು. "ಅಳಿಯಂದ್ರ, ಮಷೀನ ಮಾರೂ ಮಾತು..."

"ಮಷೀನ ಮಾರಿದ್ರ ನಾ ಊಟಾ ಬಿಡ್ತೀನಿ," ಎಂದಳು ಆಯಿ.

ಮಾವನವರು ಬೆರಗಾದರು, ಆದರೂ ಒಪ್ಪಲಿಲ್ಲ. "ಅವ್ವಗ ವಯಸ್ಸಾಗೈತಿ" ಎಂದು ನನ್ನ ಕಡೆ ನೋಡಿದರು. ನಾನು ತಕ್ಕಡಿಯನ್ನು ನೆನೆಸಿಕೊಳ್ಳುತ್ತ ಕೈ ತೊಳೆಯಲು ಎದ್ದೆ. ಅಡುಗೆಮನೆಯಲ್ಲಿ ಅತ್ತೆ ಬಾಗಿಲು ಮುಂದೆ ಮಾಡಿ ಪಿಸುಗುಟ್ಟಿದರು.

"ಅಳಿಯಂದ್ರ, ಏನ್ ಪುಣ್ಯಾ ಮಾಡಿದ್ರಿ! ಊಟಕ್ಕ ಮೊದಲ ಆಯಿ ಮಗಳ ಕೂಡ ಫೋನಿನ್ಯಾಗ ನನ್ನ ಬಗ್ಗೆ ಆಡಿದ್ದೆಲ್ಲಾ ಈ ಜಾಳಿಗಿ ಒಳಗಿಂದ ಕೇಳಿದೆ. ಒಂದ ಅಕ್ಷರಾ ತಪ್ಪಿಲ್ಲ. ವರ್ಷಕ್ಕ ಎರಡ ಸಲಾ ಬರ್ರಿ. ಆಯಿಗೆ ಮಾತ್ರ ಹೇಳಬ್ಯಾಡ್ರಿ."

ಆಮೇಲೆ ಹೊರಗೆ ಬಂದು ಗಂಡನ ಮುಂದೆ ನಿಂತು, "ಅತ್ತಿ ಹೇಳಿದ್ದು ಖರೇ ಐತಿ. ಮಷೀನ ಮಾರೂ ಮಾತ ಎತ್ತಬ್ಯಾಡ್ರಿ," ಎಂದರು.

ಮಾವನವರ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ತಾಯಿಯನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿದರು. "ನನ್ನ ಮದುವಿ ಆದಾಗಿಂದ ಇವರಿಬ್ಬರು ಒಂದ ಮಾತಿಗೆ ಹೂಂ ಅಂದಿದ್ದು ನಾ ನೋಡಿಲ್ಲ," ಎಂದು ಎದ್ದು ಬಂದು ನನ್ನ ಕೈ ಹಿಡಿದರು. "ನೀವು ತಕ್ಕಡಿ ಹಿಡಿಯೂದು ಬ್ಯಾಡ. ಇನ್ನ ಯಾರರ ಕೇಳಿದ್ರ, ನಮ್ಮ ಅಳಿಯಂದ್ರು ಮನ್ಯಾನ ಜಗಳಾ ತೊಳೀತಾರ ಅಂತ ಹೇಳ್ತೀನಿ."

ಹೇಳಿದಂತೆ ಅಂಗಡಿಯಲ್ಲಿ ಕೂತು ಬಂದವರಿಗೆಲ್ಲ ಹೇಳಿಯೂಬಿಟ್ಟರು. ಅಂದಿನಿಂದ ನನ್ನ ಫೋನಿಗೆ ಬಿಡುವಿಲ್ಲ. ನಿನ್ನೆಯೂ ಒಬ್ಬರು ಮಾಡಿದ್ದರು.

"ನಮ್ಮ ಮನ್ಯಾಗ ಎ.ಸಿ. ಇಲ್ರಿ. ಅತ್ತಿ-ಸೊಸಿ ಅದಾರ. ಯಾವತ್ತ ಬರ್ತೀರಿ?"