ಪಂಪಿನ ಜಾಗದ ಬಾವಿ

ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದ ಮನುಷ್ಯನಿಗೆ ಒಂದು ಹಿಡಿ ಮಣ್ಣು ಪರೀಕ್ಷೆ ಮಾಡಿಸುವುದು ಯಾವ ದೊಡ್ಡ ವಿದ್ಯೆ? ಹೀಗೆಂದು ನಾನು ನಂಬಿದ್ದೆ. ಈಗ ನಮ್ಮೂರಿನಲ್ಲಿ ಹಾಗೆ ನಂಬುವವರು ಯಾರೂ ಉಳಿದಿಲ್ಲ, ನನ್ನನ್ನೂ ಸೇರಿಸಿ.

ಕಡಬದಿಂದ ಕೊಯಿಲದ ಕಡೆಗೆ ಹೋಗುವ ದಾರಿಯಲ್ಲಿ ನಾವು ಜಾಗ ತೆಗೆದುಕೊಂಡು ಮನೆ ಕಟ್ಟಿದ್ದೇವೆ. ಅಲ್ಲಿ ಹಿಂದೆ ವಾಹನಗಳಿಗೆ ಡೀಸೆಲ್ ಹಾಕುವ ಪಂಪ್ ಇತ್ತು. ಅದು ಮುಚ್ಚಿದ ಮೇಲೆ ನೆಲದಡಿಯ ಡೀಸೆಲ್ ಟ್ಯಾಂಕನ್ನು ಎತ್ತಿ, ಗುಂಡಿಗೆ ಮಣ್ಣು ತುಂಬಿಸಿದ್ದರು. ಗುಂಡಿಯ ಪಕ್ಕದಲ್ಲೇ ಕಲ್ಲು ಕಟ್ಟಿದ ಬಾವಿ. ಕಡು ಬೇಸಗೆಯಲ್ಲೂ ನೀರು ಬತ್ತುವುದಿಲ್ಲ. ಆದರೆ ನನ್ನ ಹೆಂಡತಿ ಸುಮತಿ ಅದರ ಒಂದು ತೊಟ್ಟನ್ನೂ ಬಾಯಿಗೆ ಹಾಕಲು ಒಪ್ಪಲಿಲ್ಲ.

“ಮಣ್ಣಿಗೆ ಎಣ್ಣೆ ಇಳಿದಿದ್ರೆ ನೀರಿಗೂ ಬರ್ತದೆ. ಪರೀಕ್ಷೆ ಮಾಡಿಸದೆ ನಾನು ಕುಡಿಯುದಿಲ್ಲ” ಎಂದಳು.

ಹಾಗಾಗಿ ದಿನಾ ಬೆಳಗ್ಗೆ ಕೊಡಪಾನ ಸೊಂಟಕ್ಕೇರಿಸಿ, ತಗ್ಗಿನ ಮನೆಯ ತೋಮಸಣ್ಣನ ಬಾವಿಗೆ ಹೋಗುತ್ತಿದ್ದಳು. ತೋಮಸಣ್ಣ ರಬ್ಬರ್ ಕೃಷಿಯವರು, ತುಂಬ ಒಳ್ಳೆಯ ಜನ. ಅವರಾಗಲಿ ಅವರ ಹೆಂಡತಿ ಅನ್ನಮ್ಮನಾಗಲಿ ಒಂದು ಮಾತು ಅಂದವರಲ್ಲ. ಆದರೂ ಸ್ವಂತ ಮನೆ, ಸ್ವಂತ ಬಾವಿ ಇದ್ದವಳು ಇನ್ನೊಬ್ಬರ ಬಾವಿಕಟ್ಟೆಯಲ್ಲಿ ಕೊಡಪಾನ ಹಿಡಿದು ನಿಲ್ಲುವುದೆಂದರೆ! ಸುಮತಿಗೆ ಸೊಂಟದ ನೋವಿಗಿಂತ ಆ ನೋವೇ ಹೆಚ್ಚು. ಅವಳ ಮುಖ ನೋಡಲಾಗದೆ ಪರೀಕ್ಷೆಯ ಭಾರವನ್ನು ನಾನೇ ವಹಿಸಿಕೊಂಡೆ.

ನಮ್ಮ ಕಡೆ ಮಣ್ಣು ಪರೀಕ್ಷೆ ಎಂದರೆ ಒಂದೇ ಕ್ರಮ. ಅಡಿಕೆ ತೋಟದ ಮಣ್ಣನ್ನು ಚೆನ್ನಾಗಿ ಒಣಗಿಸಿ, ಜರಡಿ ಹಿಡಿದು, ಪುತ್ತೂರಿನ ಕೃಷಿ ಲ್ಯಾಬಿಗೆ ಕೊಂಡುಹೋಗಿ ಕೊಡುವುದು. ನಾನೂ ಅಂಗಳದಲ್ಲಿ ಪೇಪರ್ ಹಾಸಿ ಮಣ್ಣು ಹರಡಿದೆ. ಎಣ್ಣೆ ಏನಾದರೂ ಇದ್ದಿದ್ದರೆ ಅದರ ವಾಸನೆ ಊರು ಬಿಟ್ಟು ಓಡುವಷ್ಟು ಒಣಗಿಸಿದೆ. ವರದಿ ಬಂತು. ಮಣ್ಣಿನಲ್ಲಿ ಹುಳಿ ಜಾಸ್ತಿ, ಸುಣ್ಣ ಹಾಕಬೇಕು, ಪೊಟ್ಯಾಷ್ ಸಾಲದು, ಅಡಿಕೆಗೆ ಅಡ್ಡಿಯಿಲ್ಲ. ಎಣ್ಣೆಯ ಸುದ್ದಿಯೇ ಇಲ್ಲ. ಅವರನ್ನು ಯಾರೂ ಆ ಪ್ರಶ್ನೆ ಕೇಳಿರಲೂ ಇಲ್ಲ.

ಸುಮತಿ ವರದಿಯನ್ನು ಪೂರ್ತಿ ಓದಿದಳು.

“ನಾನು ಅಡಿಕೆ ಮರವಾ?” ಎಂದು ಕೇಳಿದಳು.

ಸರಿ, ಎಣ್ಣೆ ಪತ್ತೆ ಮಾಡುವ ಲ್ಯಾಬ್ ಒಂದನ್ನು ಮಂಗಳೂರಿನಲ್ಲಿ ಹುಡುಕಿದೆ. ಅಲ್ಲಿನವರೇ ಬಂದು ಮಣ್ಣು ತೆಗೆಯುತ್ತಾರಂತೆ. ಬೇಡ, ನಾನು ವಿಜ್ಞಾನದ ಮೇಷ್ಟ್ರು ಎಂದೆ. ಹಾಗಾದರೆ ಗುಂಡಿಯ ಸುತ್ತ ಮೂರ್ನಾಲ್ಕು ಕಡೆ ಆಳದ ಮಣ್ಣು ತೆಗೆದು, ಒಣಗಿಸದೆ, ಗಾಜಿನ ಬಾಟಲಿಯಲ್ಲಿ ತುಂಬಿಸಿ, ಐಸಿನಲ್ಲಿಟ್ಟು ತನ್ನಿ ಎಂದರು. ಮುಖ್ಯವಾಗಿ, ಹೊರಗಿನ ಎಣ್ಣೆ ತಾಗಬಾರದು. ಅದನ್ನು ನನಗೆ ಹೇಳಬೇಕೇ? ಉಪ್ಪಿನಕಾಯಿಯ ಬಾಟಲಿಗಳನ್ನು ತಿಕ್ಕಿ, ತೊಳೆದು, ಕುದಿಸಿ, ಪುನಃ ತೊಳೆದೆ. ಐಸಿಗೆ ಮೀನು ಮಾರುವವನಿಂದ ಥರ್ಮಾಕೋಲ್ ಪೆಟ್ಟಿಗೆ ತಂದೆ. ಬಂಗುಡೆಯ ವಾಸನೆ ಇತ್ತು, ಇರಲಿ.

ಪಿಕ್ಕಾಸಿಗೆ ಆಳದ ಮಣ್ಣು ಸಿಗಲಿಲ್ಲ. ತೋಮಸಣ್ಣನಲ್ಲಿ ರಬ್ಬರ್ ಗಿಡಕ್ಕೆ ಗುಂಡಿ ತೆಗೆಯುವ ಮಿಷನ್ ಇತ್ತು. ಅದು ಓಡುವುದು ಆಯಿಲ್ ಬೆರೆಸಿದ ಪೆಟ್ರೋಲಿನಲ್ಲಿ. ಇಲ್ಲಿ ನನ್ನ ತಲೆಗೆ ಏನೂ ಹೊಳೆಯಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಬೇಕು.

“ನಾನೂ ಬರ್ತೇನೆ ಮಾಷ್ಟ್ರೇ, ಅದು ಸ್ವಲ್ಪ ಸೋರ್ತದೆ” ಎಂದರು ತೋಮಸಣ್ಣ. ವೈಜ್ಞಾನಿಕ ಕೆಲಸಕ್ಕೆ ಜನ ಜಾಸ್ತಿಯಾಗಬಾರದೆಂದು ಹೇಳಿ ಮಿಷನನ್ನೂ ಪೆಟ್ರೋಲ್ ಕ್ಯಾನನ್ನೂ ಹೊತ್ತು ತಂದೆ.

ಮೊದಲ ಕುಳಿಗಳು ಚೆಂದಕ್ಕೆ ಆದವು. ಬಾವಿಗೆ ಹತ್ತಿರದ ಕೊನೆಯ ಕುಳಿಯಲ್ಲಿ ಮಿಷನ್ ಕೆಮ್ಮಿ ನಿಂತಿತು. ಪೆಟ್ರೋಲ್ ಮುಗಿದಿತ್ತು. ಕ್ಯಾನಿನ ಮುಚ್ಚಳ ತೆಗೆದು ಕುಳಿಯ ಅಂಚಿನಲ್ಲಿಟ್ಟು, ಮಿಷನಿನ ಮುಚ್ಚಳ ತಿರುಗಿಸುತ್ತಿದ್ದೆ. ಮಿಷನ್ ವಾಲಿತು. ಅದನ್ನು ಹಿಡಿಯಲು ಹೋದೆ. ನನ್ನ ಕಾಲು ಕ್ಯಾನಿಗೆ ತಾಗಿತು. ಕ್ಯಾನ್ ಕುಳಿಯ ಬಾಯಿಗೆ ಬಾಯಿ ಕೊಟ್ಟು ಮಲಗಿತು! ಗಳಗಳನೆ ಇಳಿದ ಪೆಟ್ರೋಲಿಗೆ ಪಾತಾಳದವರೆಗೆ ದಾರಿ ಕೊರೆದುಕೊಟ್ಟವನು ನಾನೇ.

ಆಗಲಾದರೂ ಸುಮ್ಮನಿರಬಹುದಿತ್ತು. ನನ್ನೊಳಗಿನ ಮೇಷ್ಟ್ರು ಬಿಡಲಿಲ್ಲ. ನೀರು ಸೇರಿಸಿದರೆ ಎಲ್ಲವೂ ತೆಳುವಾಗುತ್ತದಲ್ಲ? ಬಾವಿಯಿಂದ ಕೊಡಗಟ್ಟಲೆ ನೀರು ಸೇದಿ ಕುಳಿಗೆ ಹೊಯ್ದೆ. ಅಳಿದುಳಿದ ಪೆಟ್ರೋಲನ್ನೂ ಹೀಗೆ ಶಾಸ್ತ್ರೋಕ್ತವಾಗಿ ಕೆಳಗೆ ಕಳುಹಿಸಿಕೊಟ್ಟೆ. ಆಮೇಲೆ ಅದೇ ಕುಳಿಯ ತಳದಿಂದ ಮಣ್ಣು ತೆಗೆದು ಕೊನೆಯ ಬಾಟಲಿ ತುಂಬಿಸಿದೆ.

ಲ್ಯಾಬಿನಿಂದ ಫೋನ್ ಬಂದಾಗ ಸುಮತಿಯೂ ಕೇಳಲೆಂದು ಸ್ಪೀಕರಿನಲ್ಲಿಟ್ಟೆ.

“ಡೀಸೆಲ್ ಎಲ್ಲಿಯೂ ಇಲ್ಲ ಸರ್. ಆದ್ರೆ ಒಂದು ಬಾಟಲಿಯಲ್ಲಿ ಮಾತ್ರ ಪೆಟ್ರೋಲ್ ಉಂಟು. ಹೊಸತು, ಆಯಿಲ್ ಮಿಕ್ಸ್ ಮಾಡಿದ್ದು. ಅಲ್ಲಿ ಈಗಲೂ ಪಂಪ್ ನಡೀತಾ ಉಂಟಾ?”

ನಡೆದದ್ದನ್ನು ಬಾಯಿ ಬಿಡದೆ ಗತಿ ಇರಲಿಲ್ಲ. ಅವರು, ನಿಮ್ಮ ಬಾವಿಯ ನೀರು ಕುಡಿಯಬೇಡಿ, ತಗ್ಗಿನಲ್ಲಿ ಬೇರೆ ಬಾವಿ ಇದ್ದರೆ ಪರೀಕ್ಷೆ ಆಗುವವರೆಗೆ ಅದರ ನೀರೂ ಬೇಡ ಎಂದರು.

ಸುಮತಿ ಮೆಟ್ಟಿಲ ಮೇಲೆ ಕೂತುಬಿಟ್ಟಳು.

“ಅಂದ್ರೆ ನಮ್ಮ ನೀರು ಇಷ್ಟು ದಿನ ಸರಿ ಇತ್ತಾ?”

“ಇತ್ತು.”

“ನಾನು ಸುಮ್ಮನೆ ಹೊತ್ತದ್ದಾ?”

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಅನ್ನಮ್ಮನಿಗೆ ಹೇಳಿಬರಲು ತಗ್ಗಿಗೆ ಇಳಿದಳು. ತಾನು ಕೆಟ್ಟ ಕೋತಿ ವನವನ್ನೆಲ್ಲ ಕೆಡಿಸಿತು ಎಂಬ ಗಾದೆಯನ್ನು ಮಕ್ಕಳಿಗೆ ಎಷ್ಟು ಸಲ ವಿವರಿಸಿದ್ದೇನೋ. ಉದಾಹರಣೆ ಮಾತ್ರ ಈಗ ಸಿಕ್ಕಿತು.

ಈಗ ಎರಡು ಮನೆಯವರಿಗೂ ಗುಡ್ಡದ ಮೇಲಿನ ಮನೆಯ ಅಜ್ಜಿಯ ಬಾವಿಯೇ ಗತಿ. ಸುಮತಿಯ ಕೊಡಪಾನ ನನ್ನ ಪಾಲಿಗೆ ಬಂದಿದೆ. ಮೊದಲ ದಿನ ನಾನೂ ತೋಮಸಣ್ಣನೂ ಒಟ್ಟಿಗೆ ಹತ್ತಿ ಹೋದೆವು. ಅಜ್ಜಿ ಜಗಲಿಯಿಂದಲೇ ಇಬ್ಬರನ್ನೂ ನೋಡಿದರು.

“ತೋಮಸ, ನೀನು ಬಾ. ಮಾಷ್ಟ್ರು ಗೇಟಿನ ಹೊರಗೆ ನಿಲ್ಲಲಿ. ಅವರಿಗೆ ನೀರು ನಾನೇ ಸೇದಿ ಕೊಡ್ತೇನೆ” ಎಂದರು.

ಅಂದಿನಿಂದ ನಾನು ದಿನಾ ಗೇಟಿನ ಹೊರಗೆ ನಿಲ್ಲುತ್ತೇನೆ. ಅಜ್ಜಿಗೆ ವಿಜ್ಞಾನ ಗೊತ್ತಿಲ್ಲ, ಆದರೆ ನಾನು ಗೊತ್ತು.