ಗ್ರಾಂ ಸಾಹೇಬರ ಎರಡೂವರೆ ಕೆಜಿ

"ಬೆಟ್ಟಕ್ಕೆ ತಲೆಗೆ ಎಂಟು ಕೆಜಿ ಹೊರೆ. ಒಂದು ಗ್ರಾಂ ಜಾಸ್ತಿ ಆದ್ರೂ ನಾನು ಈ ನೌಕರಿಗೇ ನಾಲಾಯಕ್ಕು!" ಎಂದು ಘೋಷಿಸಿ ಗ್ರಾಂ ಸಾಹೇಬರು ಬಾಗಿಲ ಚಿಲಕಕ್ಕೆ ಕೊಕ್ಕೆ ತಕ್ಕಡಿ ನೇತುಹಾಕಿದರು.

ಅವರು ತೂಕ-ಅಳತೆ ಇಲಾಖೆಯ ಇನ್‌ಸ್ಪೆಕ್ಟರ್. ಆ ಹೆಸರಿಟ್ಟವರು ಪೇಟೆಯ ಅಂಗಡಿಯವರು. ಸಾಹೇಬರು ಬೀದಿಗೆ ಕಾಲಿಟ್ಟರೆ ತಕ್ಕಡಿಗಳೇ ಅಟೆನ್ಷನ್‌ನಲ್ಲಿ ನಿಲ್ಲುತ್ತಿದ್ದವು!

ಬೆಟ್ಟ ಹತ್ತುವ ಹಟ ಮಾತ್ರ ಅವರ ಹೆಂಡತಿಯದು. ಆಕೆ ಶಾಲೆಯ ಡ್ರಿಲ್ ಟೀಚರ್. ವಯಸ್ಸು ಐವತ್ತೆರಡು. "ಇನ್ನು ಮೈದಾನ ಚಿಕ್ಕವರಿಗೆ ಬಿಡಿ, ನೀವು ನೆರಳಲ್ಲಿ ಕುರ್ಚಿ ಹಾಕ್ಕೊಂಡು ಹಾಜರಿ ಬರೀರಿ" ಎಂದಿದ್ದರು ಹೆಡ್‌ಮಾಸ್ಟರು. ತನ್ನ ಹೊರೆ ತಾನೇ ಹೊತ್ತು ತುದಿ ಮುಟ್ಟಿದರೆ ಕುರ್ಚಿ ಬೇಡ ಎನ್ನುವುದು, ಇಲ್ಲವಾದರೆ ಬಾಯಿ ಮುಚ್ಚಿಕೊಂಡು ಕೂರುವುದು ಎಂದು ಆಕೆ ಪಣ ತೊಟ್ಟಿದ್ದಳು.

ಆಕೆಯ ಬ್ಯಾಗು ಸರಿಯಾಗಿ ಎಂಟು ಕೆಜಿ ತೂಗಿತು. ಸಾಹೇಬರದು ಹದಿನಾಲ್ಕು! ಟ್ರೈಪಾಡ್ ಹೊರಬಿತ್ತು. ಸ್ವೆಟರ್ ಹೊರಬಿತ್ತು. ಚಿಕ್ಕ ಲೆನ್ಸುಗಳೆರಡೂ ಕಪಾಟು ಸೇರಿದವು. "ಇಷ್ಟು ದೊಡ್ಡ ಕ್ಯಾಮೆರಾ ಇರುವಾಗ ಫೋನ್ ಯಾಕೆ?" ಎಂದು ಇಬ್ಬರ ಫೋನುಗಳನ್ನೂ ಮನೆಯಲ್ಲೇ ಬಿಡಿಸಿದರು. ಆದರೂ ಮುಳ್ಳು ಹತ್ತೂವರೆಗೆ ಅಂಟಿಕೊಂಡು ಕೂತಿತು. ಉಳಿದದ್ದು ಹಕ್ಕಿಗಳ ಫೋಟೊ ತೆಗೆಯುವ ಮೊಳದುದ್ದದ ಲೆನ್ಸು. ಅದನ್ನು ಬಿಟ್ಟು ಹೋಗುವುದೇ? ಅದಕ್ಕಿಂತ ಒಂದು ಮೂತ್ರಪಿಂಡ ಬಿಟ್ಟು ಹೋಗಬಹುದು!

ಹೆಂಡತಿ ಸ್ನಾನಕ್ಕೆ ಹೋದಳು. ಸಾಹೇಬರು ಅತ್ತಿತ್ತ ನೋಡಿ, ಆ ಲೆನ್ಸನ್ನು ಅವಳ ಸ್ಲೀಪಿಂಗ್ ಬ್ಯಾಗಿನೊಳಗೆ ಸುತ್ತಿ ಮೊದಲಿನಂತೆಯೇ ಕಟ್ಟಿಟ್ಟರು. ಅಂಗಡಿಯವರು ತೂಕ ಕದಿಯುತ್ತಾರೆ. ಸಾಹೇಬರು ತೂಕ ದಾನ ಮಾಡಿದರು!

ಮರುದಿನ ಬೆಟ್ಟದ ಅರ್ಧ ದಾರಿಯಲ್ಲೇ ಟೀಚರ್ ಏದುಸಿರು ಬಿಡತೊಡಗಿದಳು.

"ರೀ, ನಿಮ್ಮ ತಕ್ಕಡಿ ಸರಿ ಇದೆಯಾ?"

"ಸರ್ಕಾರದ ಮೊಹರು ಇದೆ ಕಣೇ!"

"ಹಾಗಾದ್ರೆ ನಾನೇ ಸರಿ ಇಲ್ಲ ಬಿಡಿ."

ಇಲ್ಲಾದರೂ ಬಾಯಿ ಬಿಡಬಹುದಿತ್ತು. ಮಹಾನುಭಾವರು ಬಿಟ್ಟ ಮಾತು ಇದು: "ವಯಸ್ಸು ಅಂತ ಒಂದಿರುತ್ತಲ್ಲ, ನಿಧಾನಕ್ಕೆ ಬಾ."

ಇನ್ನೊಂದು ಏರು ಕಳೆಯುವಷ್ಟರಲ್ಲಿ ಕೋಲೂರಿಕೊಂಡು ಬಂದ ಅಜ್ಜಿಯೊಬ್ಬರು "ಸುಧಾರಿಸ್ಕೋ ಮಗಾ" ಎಂದು ಸಮಾಧಾನ ಹೇಳಿ ಟೀಚರನ್ನು ಹಿಂದೆ ಹಾಕಿದರು. ಆಕೆ ಬಂಡೆಯ ಮೇಲೆ ಕುಸಿದು ಕೂತಳು. ಕಣ್ಣು ತುಂಬಿತ್ತು.

"ಹೆಡ್‌ಮಾಸ್ಟರ್ ಹೇಳಿದ್ದೇ ನಿಜ ಕಣ್ರೀ. ಸೋಮವಾರ ಕುರ್ಚಿ ಹಾಕಿಸ್ಕೋತೀನಿ. ನೀವು ಹತ್ತಿ, ನಾನು ಇಳೀತೀನಿ."

ಅಂಗಡಿಗಳಲ್ಲಿ ಮೋಸದ ತೂಕದ ಬಟ್ಟು ಹಿಡಿದಾಗ ಬೆವರುವ ಎಷ್ಟೋ ಮುಖಗಳನ್ನು ಸಾಹೇಬರು ನೋಡಿದ್ದರು. ಈಗ ಬೆವರು ಅವರದೇ ಕತ್ತಿನಿಂದ ಇಳಿಯುತ್ತಿತ್ತು.

"ಅದು... ನಿನ್ನ ಸ್ಲೀಪಿಂಗ್ ಬ್ಯಾಗಲ್ಲಿ... ಒಂದು ಚಿಕ್ಕ ಲೆನ್ಸು..."

"ಎಷ್ಟು ಚಿಕ್ಕದು?"

"ಎರಡೂವರೆ ಕೆಜಿ."

ಇನ್ನು ಬೈಗುಳ ಬರುತ್ತದೆಂದು ಸಾಹೇಬರು ತಲೆ ಬಗ್ಗಿಸಿ ನಿಂತರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದರು. ಆಕೆ ಕೇಳಿದ್ದು ಒಂದೇ ಮಾತು, ಅದೂ ಮಗುವಿನಂತೆ ಮುಖ ಅರಳಿಸಿ: "ಹಾಗಾದ್ರೆ ನಂಗೆ ವಯಸ್ಸಾಗಿಲ್ವಾ?"

ಸಾಹೇಬರಿಗೆ ಆ ಬಂಡೆಯ ಕೆಳಗೆ ಜಾಗವಿದ್ದರೆ ಸಾಕೆನ್ನಿಸಿತು.

ಲೆನ್ಸನ್ನು ಗಂಡನ ಕೈಗೆ ತುರುಕಿ ಆಕೆ ಹೊರಟಳು ನೋಡಿ! ಅಜ್ಜಿಯೂ ಹಿಂದೆ, ಅಜ್ಜಿಯ ಕೋಲೂ ಹಿಂದೆ! ಸಾಹೇಬರು ತುದಿಗೆ ತೆವಳಿಕೊಂಡು ಬರುವಷ್ಟರಲ್ಲಿ ಆಕೆ ಸೊಂಟದ ಮೇಲೆ ಕೈಯಿಟ್ಟು ಸಿದ್ಧವಾಗಿದ್ದಳು.

"ಫೋಟೊ ತೆಗೀರಿ. ಹೆಡ್‌ಮಾಸ್ಟರಿಗೆ ತೋರಿಸ್ಬೇಕು. ತಲೆಯಿಂದ ಶೂವರೆಗೂ ಬರ್ಬೇಕು, ಬೆನ್ನ ಮೇಲಿನ ಬ್ಯಾಗೂ ಬರ್ಬೇಕು!"

ಸಾಹೇಬರು ಕ್ಯಾಮೆರಾಕ್ಕೆ ಕಣ್ಣಿಟ್ಟರು. ಬರೀ ಮಸುಕು. ಆಚೆ ಗುಡ್ಡದ ಹಕ್ಕಿಯ ಪುಕ್ಕ ಎಣಿಸುವ ಲೆನ್ಸಿಗೆ ಎದುರಿಗಿರುವ ಹೆಂಡತಿ ಕಾಣುವುದಿಲ್ಲ! ಹತ್ತು ಹೆಜ್ಜೆ ಹಿಂದೆ ಸರಿದರು. ಒಂದು ಕಿವಿ ಸಿಕ್ಕಿತು. ಇಪ್ಪತ್ತು ಹೆಜ್ಜೆಗೆ ಮುಖ. ಮುಳ್ಳುಪೊದೆ ದಾಟಿ ಇಳಿಜಾರಿನಲ್ಲಿ ಜಾರುತ್ತಾ ಹೋದ ಮೇಲೆ ಸೊಂಟ, ಆಮೇಲೆ ಮೊಣಕಾಲು. ಕೊನೆಗೆ ಎಲ್ಲೋ ಕೆಳಗಿನ ಕೆಸರಿನಲ್ಲಿ ನಿಂತು ಕೂಗಿದರು: "ಬಂತು ಕಣೇ! ಶೂ ಬಂತು! ಪೂರ್ತಿ ಕಾಣಿಸ್ತಿದ್ದೀಯ!"

ಮೈದಾನದ ಆಚೆ ತುದಿಗೂ ಕೇಳುವ ಗಂಟಲಿನಲ್ಲಿ ಮೇಲಿನಿಂದ ಉತ್ತರ ಬಂತು:

"ಈಗ್ಲಾದ್ರೂ ನಾನು ಕಂಡ್ನಲ್ಲ! ಹೆಂಡ್ತಿ ಕಾಣ್ಬೇಕು ಅಂದ್ರೆ ಅಷ್ಟು ದೂರ ಬೇಕಾ ನಿಮ್ಗೆ? ಹಾಗಾದ್ರೆ ರಾತ್ರಿನೂ ಅಲ್ಲೇ ಮಲ್ಕೊಳ್ಳಿ!"