ಎಲೆ ಉದುರಿಸುವ ಮರಕ್ಕೆ ಅಂಕ ಇಲ್ಲ

ಸಿಟ್ಟು ಬಂದು ಹಲ್ಲು ಕಚ್ಚಿ ನಿಂತಿರುವಾಗಲೇ ನಗುವೂ ಬಂದುಬಿಟ್ಟರೆ ಮುಖ ಎಲ್ಲಿಟ್ಟುಕೊಳ್ಳಬೇಕು? ಚಾಮರಾಜಪೇಟೆಯ ನಮ್ಮ ಶಾಲೆಯಲ್ಲಿ ನಾಲ್ಕನೇ ಕ್ಲಾಸಿಗೆ ಪರಿಸರ ಪಾಠ ಹೇಳಲು ಶುರು ಮಾಡಿದ ಮೇಲೆ ನನಗೆ ಆಗಾಗ ಈ ಕಷ್ಟ. ನಾನು ಹೆಚ್ಚು ಮಾತಾಡುವವಳಲ್ಲ. ಓದಿದ್ದು ಇಂಗ್ಲಿಷ್ ಮೀಡಿಯಂ, ಮನೆಯಲ್ಲಿ ಕನ್ನಡ. ಸಿಟ್ಟು ಬಂದಾಗ ಎರಡೂ ಕೈಕೊಡುತ್ತವೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಶಾಲೆಯ ಅಂಗಳ ಅಂದರೆ ಒಂದು ನೀರಿನ ಟ್ಯಾಂಕು, ಆಡಳಿತ ಮಂಡಳಿಯ ಕಾರ್ಯದರ್ಶಿಗಳ ಕಾರು, ಒಂದು ಹೊಂಗೆಮರ. ಸೆಕೆ ಜಾಸ್ತಿಯಾದ ದಿನ ನಾನು ಮಕ್ಕಳನ್ನು ಮರದ ಕೆಳಗೆ ಕೂರಿಸಿ ಪಾಠ ಮಾಡುತ್ತೇನೆ. ಪುಸ್ತಕದಲ್ಲಿ ಚಿತ್ರವಾಗಿರುವ ಬೇರು, ತೊಗಟೆ, ಇರುವೆ, ಅಳಿಲು ಎಲ್ಲ ಅಲ್ಲಿ ಜೀವಂತ ಇವೆ. ಇಲ್ಲಿ ಹೇಳುವುದೆಲ್ಲ ಆ ಮರದ ಸುತ್ತ ನಡೆದದ್ದು.

ಗುಂಡಿ

ಪರಿಸರ ದಿನಾಚರಣೆಗೆ ನಮ್ಮಲ್ಲಿ ಕಾಯಂ ಆಗಿ ಒಂದು ಗುಂಡಿ ಇದೆ. ಸುತ್ತ ಸಿಮೆಂಟಿನ ಕಟ್ಟೆ, ಕಟ್ಟೆಗೆ ಸುಣ್ಣ. ಪ್ರತಿ ವರ್ಷ ಮುಖ್ಯ ಅತಿಥಿಗಳು ಬಂದು ಅದರಲ್ಲೇ ಗಿಡ ನೆಡುತ್ತಾರೆ. ಹೋದ ಸಲದ ಅತಿಥಿ ಹೊಂಗೆಯ ನೆರಳಲ್ಲಿ ನಿಂತು, ಈ ಊರಲ್ಲಿ ನೆರಳೇ ಇಲ್ಲವಾಗಿದೆ ಎಂದು ತುಂಬ ಹೊತ್ತು ಮರುಗಿದರು. ಆಮೇಲೆ ಗಿಡ ಇಟ್ಟು, ನೀರು ಹಾಕಿ, ಫೋಟೋ ತೆಗೆಸಿಕೊಂಡರು.

ನನ್ನ ಕ್ಲಾಸಿನ ಹುಡುಗಿಯೊಬ್ಬಳು ಕಾರ್ಯದರ್ಶಿಗಳ ಹತ್ತಿರ ಹೋಗಿ, "ಸರ್, ಗಿಡದ ಪ್ಲಾಸ್ಟಿಕ್ ಕವರ್ ತೆಗೀಲೇ ಇಲ್ಲ" ಅಂದಳು.

"ತೆಗೀಬಾರದು ಪುಟ್ಟಿ. ತೆಗೆದ್ರೆ ನರ್ಸರಿಯವನು ವಾಪಸ್ ತಗೊಳಲ್ಲ."

ಅದೇ ಕಾರ್ಯಕ್ರಮದ ವಂದನಾರ್ಪಣೆಯಲ್ಲಿ ಕಾರ್ಯದರ್ಶಿಗಳು ಒಂದು ಸಿಹಿಸುದ್ದಿ ಕೊಟ್ಟರು. ಒಂದು ಟ್ರಸ್ಟಿನವರು ನಡೆಸುವ 'ಹಸಿರು ಶಾಲೆ' ಸ್ಪರ್ಧೆಗೆ ನಾವು ಸೇರಿದ್ದೇವೆ. ತೀರ್ಪುಗಾರರು ಸಂಕ್ರಾಂತಿ ಕಳೆದ ಮೇಲೆ ಬರುತ್ತಾರೆ. ಸ್ವಚ್ಛತೆಗೆ ಹೆಚ್ಚು ಅಂಕ. "ಈ ಮರದಿಂದ ದಿನಾ ಕಸ. ಕಡಿಯಕ್ಕೆ ಪರ್ಮಿಷನ್ ಕೇಳಿದೀವಿ. ಮರ ಹೋದ ತಕ್ಷಣ ಈ ಜಾಗಕ್ಕೆಲ್ಲ ಪ್ಲಾಸ್ಟಿಕ್ ಹುಲ್ಲಿನ ಹಸಿರು ಮ್ಯಾಟ್ ಹಾಸ್ಬಿಡೋಣ."

ಎಲ್ಲರೂ ಚಪ್ಪಾಳೆ ತಟ್ಟಿದರು. ಅತಿಥಿಗಳು, ಮ್ಯಾಟಿಗೆ ನೀರು ಹಾಕುವ ಕೆಲಸವೂ ಇಲ್ಲ, ನೀರಿನ ಉಳಿತಾಯವೂ ಆಯಿತು ಎಂದು ಮೆಚ್ಚಿಕೊಂಡರು.

ಫಸ್ಟ್ ಕ್ವಾಲಿಟಿ ಕಸ

ಅಪ್ಪ ಅಮ್ಮಂದಿರು ಮರದ ಪರವಾಗಿ ಒಂದು ಮಾತಾಡಿದರೆ ಕಾರ್ಯದರ್ಶಿಗಳು ಕೇಳಿಯಾರು ಅನ್ನಿಸಿತು. ಅವರನ್ನು ಆ ನೆರಳಿಗೆ ಕರೆಸಲು ಒಂದು ಉಪಾಯ ಮಾಡಿದೆ. ಮನೆಯಲ್ಲಿ ಬಿಸಾಡುವ ವಸ್ತುವಿನಿಂದ ಏನಾದರೂ ಮಾಡಿ ತನ್ನಿ, ಮರದ ಕೆಳಗೆ ಪ್ರದರ್ಶನ ಇಡೋಣ ಎಂದು ಮಕ್ಕಳಿಗೆ ಹೇಳಿದೆ. ಸಂಜೆಯೇ ಒಬ್ಬ ತಂದೆಯ ಫೋನು. ಪೇಟೆಯಲ್ಲಿ ಸಗಟು ವ್ಯಾಪಾರ ಅವರದು.

"ಮಿಸ್, ಅವೆನ್ಯೂ ರೋಡ್ ಪೂರ್ತಿ ಸುತ್ತಿದೆ. ಒಳ್ಳೇ ಕ್ವಾಲಿಟಿ ವೇಸ್ಟ್ ಎಲ್ಲೂ ಇಲ್ಲ."

"ಸರ್, ಅಂಗಡಿಯಿಂದ ತರೋದಲ್ಲ. ಮನೇಲಿ ಬಿಸಾಡೋದು."

"ಮನೇದು ಹೆಂಗೆ ಮಿಸ್ ಕಳಿಸೋದು? ನಾಲ್ಕು ಜನ ನೋಡ್ತಾರೆ."

ಪ್ರದರ್ಶನದ ದಿನ ನೋಡಿದರೆ ಕ್ಲಾಸಿಗೆ ಕ್ಲಾಸೇ ಒಂದೇ ಥರದ ಪೆನ್ ಸ್ಟ್ಯಾಂಡ್ ತಂದಿದೆ. ಯಾವುದೋ ಅಂಗಡಿಯಲ್ಲಿ ಅದಕ್ಕೆಂದೇ ಡಬ್ಬಿ ಸಿಗುತ್ತದಂತೆ: ಒಳಗೆ ಹೊಚ್ಚ ಹೊಸ ಐಸ್‌ಕ್ರೀಮ್ ಕಡ್ಡಿ, ಯಾವ ಬಾಟಲಿಯನ್ನೂ ಕಾಣದ ಬಾಟಲಿ ಮುಚ್ಚಳ, ಒಂದೊಂದಕ್ಕೂ ಬೇರೆ ಪ್ಲಾಸ್ಟಿಕ್ ಕವರು. ಮೇಲೆ 'ಭೂಮಿ ಉಳಿಸಿ' ಅಂತ ಅಚ್ಚಾಗಿದೆ. ಕವರಿನ ಬಗ್ಗೆ ಕೇಳಿದ ಆ ಹುಡುಗಿ ಮಾತ್ರ ತೆಂಗಿನ ಕರಟಕ್ಕೆ ದಾರ ಕಟ್ಟಿ, ಹಕ್ಕಿಗೆ ಅಂತ ನೀರು ತುಂಬಿ, ಕೊಂಬೆಗೆ ನೇತುಹಾಕಿದ್ದಳು. ಕಾರ್ಯದರ್ಶಿಗಳು ಬಂದವರೇ ಅದನ್ನು ಕಿತ್ತು, "ಯಾರದು, ಎಕ್ಸಿಬಿಷನ್ ದಿನ ಕಸ ತಂದಿಟ್ಟಿದ್ದು?" ಎಂದರು. ಅವಳು ನನ್ನ ಮುಖ ನೋಡಿದಳು. ನಾನು ಕರಟ ಇಸಿದುಕೊಂಡು ನನ್ನ ಬ್ಯಾಗಿಗೆ ಹಾಕಿಕೊಂಡೆ. ನನ್ನಿಂದ ಆದದ್ದು ಅಷ್ಟೇ.

ಮೊದಲ ಬಹುಮಾನ ಸಗಟು ವ್ಯಾಪಾರಿಯ ಮಗನಿಗೆ ಬಂತು. ತಂದೆ ಸಂತೋಷದಿಂದ ಮರದ ಕೆಳಗೆ ನಿಂತಿದ್ದರು. ಈಗ ಮರದ ವಿಷಯ ಎತ್ತಬಹುದು ಅಂದುಕೊಂಡು ಧೈರ್ಯ ಮಾಡಿ ಹತ್ತಿರ ಹೋದೆ. ಅವರೇ ಮೊದಲು ಕೇಳಿದರು: "ಬಹುಮಾನ ಬಂತಲ್ಲ ಮಿಸ್, ಇದನ್ನ ಇನ್ನು ಎಸೀಬಹುದಾ?"

ಮೊಳೆ

ಎದುರಿಗೆ ಮಾತು ಬರದವರಿಗೆ ವಾಟ್ಸಾಪ್ ಇದೆ. ಒಂದು ಭಾನುವಾರ ಕೂತು ಸ್ಟಾಫ್ ಗ್ರೂಪಿಗೆ ಉದ್ದಕ್ಕೆ ಬರೆದೆ. ಎಲೆ ಕಸವಲ್ಲ, ಒಂದು ಮೂಲೆಯಲ್ಲಿ ಒಟ್ಟಿದರೆ ಗೊಬ್ಬರ. ಇಷ್ಟು ದೊಡ್ಡ ಮರ ಕಡಿದು ಪ್ಲಾಸ್ಟಿಕ್ ಹಾಸಿ, ಅದರ ಮೇಲೆ ಮಕ್ಕಳನ್ನು ಕೂರಿಸಿ ಪರಿಸರ ಪಾಠ ಮಾಡಲು ನನಗೆ ನಾಚಿಕೆಯಾಗುತ್ತದೆ. ದಯವಿಟ್ಟು ಮರವನ್ನು ಬಿಟ್ಟುಬಿಡಿ. ಕಳಿಸಿ ಫೋನನ್ನು ಮಗುಚಿಟ್ಟೆ. ಕೆಲಸ ಹೋಯಿತು ಅಂತಲೇ ಅಂದುಕೊಂಡೆ.

ಒಬ್ಬೊಬ್ಬರಾಗಿ ಕೈಮುಗಿದ ಚಿತ್ರ ಕಳಿಸಿದರು. 'ಸೂಪರ್ ಮಿಸ್.' 'ಗುಡ್ ಥಾಟ್.' ಲೆಕ್ಕದ ಮೇಷ್ಟ್ರು ಒಂದು ಗುಲಾಬಿ ಹೂವು ಹಾಕಿದರು. ಕೊನೆಗೆ ಕಾರ್ಯದರ್ಶಿಗಳು: 'ಬಹಳ ಚೆನ್ನಾಗಿದೆ. ಎಲ್ಲರೂ ಓದುವಂಥದ್ದು. ನಾಳೆ ವ್ಯವಸ್ಥೆ ಮಾಡಿಸುತ್ತೇನೆ.'

ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಬೆಳಿಗ್ಗೆ ಗೇಟಿನ ಒಳಗೆ ಕಾಲಿಡುತ್ತಲೇ ಕಂಡಿತು. ನಾನು ಬರೆದದ್ದಷ್ಟನ್ನೂ ಕಾರ್ಯದರ್ಶಿಗಳು ಫ್ಲೆಕ್ಸ್ ಮಾಡಿಸಿ, ಕೆಳಗೆ ತಮ್ಮ ಫೋಟೋ ಹಾಕಿಸಿ, ಹೊಂಗೆಮರಕ್ಕೆ ಹೊಡೆಸಿದ್ದರು. ನಾಲ್ಕು ಮೂಲೆಗೆ ನಾಲ್ಕು ಮೊಳೆ, ಗಾಳಿಗೆ ಹಾರಬಾರದೆಂದು ನಡುವೆ ಇನ್ನೆರಡು. ಸುತ್ತಿಗೆ ಹಿಡಿದಿದ್ದವನು ನನ್ನನ್ನು ನೋಡಿ ಹೇಳಿದ, "ಮರ ಗಟ್ಟಿ ಇದೆ ಮಿಸ್. ಮೊದಲಿನ ಮೊಳೆ ಎಲ್ಲ ಸೊಟ್ಟ ಆಗೋಯ್ತು."

ತೊಗಟೆ

ಸಂಕ್ರಾಂತಿ ಕಳೆಯಿತು, ಹೊಂಗೆ ಎಲೆ ಉದುರಿಸಲು ಶುರು ಮಾಡಿತು. ಕಡಿಯುವ ಪರ್ಮಿಷನ್ ಇನ್ನೂ ಬಂದಿರಲಿಲ್ಲ, ತೀರ್ಪುಗಾರರು ಮಾತ್ರ ಮಾರನೇ ದಿನ ಬರುವವರಿದ್ದರು. ಶಾಲೆ ಬಿಟ್ಟ ಮೇಲೆ ಕಾರ್ಯದರ್ಶಿಗಳು ಉದ್ದ ಬಿದಿರಿನ ಗಳು ಕೊಟ್ಟು ಇಬ್ಬರು ಆಳುಗಳನ್ನು ಬಿಟ್ಟರು. ನಾಳೆ ಉದುರುವ ಎಲೆಯನ್ನು ಇವತ್ತೇ ಉದುರಿಸಿಬಿಡುವುದು. ನಾನು "ಸರ್, ಬೇಡ" ಅಂದೆ. ಗಳುವಿನ ಸದ್ದಿಗೆ ಅದು ನನಗೇ ಕೇಳಿಸಲಿಲ್ಲ. ಹಣ್ಣೆಲೆ ಜೊತೆ ಹಸಿರೆಲೆ, ಎಳೆ ರೆಂಬೆ ಎಲ್ಲ ನೆಲಕ್ಕೆ ಬಂತು. ಗುಡಿಸಿ ಮೂಟೆ ಕಟ್ಟಿದರು. ಅಂಗಳ ತೊಳೆದ ತಟ್ಟೆಯ ಹಾಗಾಯಿತು.

ಬೆಳಿಗ್ಗೆ ಬಂದ ತೀರ್ಪುಗಾರರು ಬಸವನಗುಡಿಯ ಕಡೆಯವರು, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿ ನಿವೃತ್ತರಾದ ಒಬ್ಬ ಮೇಡಂ. ಅಂಗಳದ ಕಡೆ ಕಣ್ಣೂ ಹಾಯಿಸಲಿಲ್ಲ. ತಲೆ ಎತ್ತಿ ಬೋಳು ಮರವನ್ನೇ ನೋಡುತ್ತ ನಿಂತರು.

"ಏನ್ರೀ ಇದು, ಸತ್ತಿದೆಯಾ?"

ಕಾರ್ಯದರ್ಶಿಗಳಿಗೆ ಕಡಿಯುವ ದಾರಿ ಸಲೀಸಾಯಿತು ಅನ್ನಿಸಿರಬೇಕು. "ಹೌದು ಮೇಡಂ, ಪಾಪ. ಹಳೇ ಮರ. ತೆಗೆಸ್ತಾ ಇದೀವಿ."

"ಹಾಗಾದ್ರೆ ಶಾಲೇಲಿ ಜೀವ ಇರೋ ಮರ ಒಂದೂ ಇಲ್ಲ. ಆ ವಿಭಾಗಕ್ಕೆ ಸೊನ್ನೆ." ಅವರು ಪೆನ್ನು ತೆಗೆದರು.

"ಅಯ್ಯೋ, ಇದೆ ಮೇಡಂ, ಜೀವ ಇದೆ. ನಿನ್ನೆ ತನಕ ಚೆನ್ನಾಗೇ ಇತ್ತು. ಮಿಸ್, ಹೇಳಿ ನೀವು."

ಜೀವ ಇದೆ ಅಂತ ತೋರಿಸದಿದ್ದರೆ ಮರ ಇವತ್ತೇ ಸತ್ತಂತೆ. ಮನೆಯ ಬೀಗದ ಕೈ ತೆಗೆದು ಒಂದು ರೆಂಬೆಯ ತೊಗಟೆಯನ್ನು ಸ್ವಲ್ಪ ಕೆರೆದೆ. ಒಳಗೆ ಹಸಿರು.

"ಜೀವ ಇದೆ ಮೇಡಂ. ಹೊಡೆದು ಉದುರಿಸಿದಾರೆ." ಇಷ್ಟು ಉದ್ದದ ಮಾತು ಕಾರ್ಯದರ್ಶಿಗಳ ಎದುರು ನಾನು ಆ ಅಂಗಳದಲ್ಲಿ ಯಾವತ್ತೂ ಗಟ್ಟಿಯಾಗಿ ಆಡಿರಲಿಲ್ಲ.

"ಯಾರು?"

ಅದನ್ನು ಹೇಳಲು ನನಗಾಗಲಿಲ್ಲ. ಆದರೆ ಸಾಲಾಗಿ ನಿಂತಿದ್ದ ನಾಲ್ಕನೇ ಕ್ಲಾಸು ಪೂರ್ತಿ ಕಾರ್ಯದರ್ಶಿಗಳ ಕಡೆ ತಿರುಗಿತು.

ಮೇಡಂ ಪೆನ್ನು ಮುಚ್ಚಿದರು. "ಮರ ಚಿಗುರಿದ ಮೇಲೆ ಬಂದು ಅಂಕ ಹಾಕ್ತೀನಿ. ಅಲ್ಲೀವರೆಗೆ ಅದನ್ನ ಯಾರೂ ಮುಟ್ಟಬಾರದು."

ಚಿಗುರು

ಆಮೇಲಿನ ದಿನಗಳಲ್ಲಿ ನಾನು ಕಂಡದ್ದನ್ನು ಹೇಳಿದರೆ ನಂಬುವವರು ಕಡಿಮೆ. ಕಡಿಯುವ ಅರ್ಜಿಯನ್ನು ವಾಪಸ್ ಪಡೆದರು. ಫ್ಲೆಕ್ಸ್ ಇಳಿಯಿತು, ಮೊಳೆ ಕಿತ್ತರು. ಕಾರನ್ನು ಬೀದಿಗೆ ಅಟ್ಟಿ, ಕಾರ್ಯದರ್ಶಿಗಳು ತಾವೇ ಪಂಚೆ ಎತ್ತಿಕಟ್ಟಿ ಬುಡಕ್ಕೆ ನೀರು ಹಾಕತೊಡಗಿದರು. ದಿನಾ ಪ್ರಾರ್ಥನೆಗೆ ಮುಂಚೆ ಕನ್ನಡಕ ಒರೆಸಿಕೊಂಡು ಕೊಂಬೆ ಕೊಂಬೆ ಹುಡುಕುವರು. "ಮಿಸ್, ಅದೇನು ಚಿಗುರಾ?" "ಅಲ್ಲ ಸರ್, ಹುಳ." "ಇರ್ಲಿ, ಓಡಿಸ್ಬೇಡಿ." ಕಾಯಿಲೆ ಬಿದ್ದ ನೆಂಟರನ್ನು ವಿಚಾರಿಸುವ ಹಾಗೆ ಮೆಲ್ಲಗೆ ಮಾತಾಡುತ್ತಿದ್ದರು. ನನಗೆ ಕನಿಕರವೇನೂ ಬರಲಿಲ್ಲ. ಪ್ರೀತಿ ಇದ್ದದ್ದು ಅಂಕದ ಮೇಲೆ. ಮರಕ್ಕೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ, ನೀರು ಸಿಕ್ಕರೆ ಸಾಕು ಅಂತ ಸುಮ್ಮನಿದ್ದೆ.

ಒಂದು ಸೋಮವಾರ ಮರದ ತುಂಬ ಎಳೆ ಹಸಿರು, ಬಿಸಿಲಿಗೆ ಎಣ್ಣೆ ಹಚ್ಚಿದಂತೆ ಮಿಂಚುತ್ತಿತ್ತು. ಮಕ್ಕಳು ತಾವಾಗಿಯೇ ಹೋಗಿ ಕೆಳಗೆ ಕೂತಿದ್ದರು. ಕಾರ್ಯದರ್ಶಿಗಳು ಓಡಿ ಬಂದರು. ಕಣ್ಣಲ್ಲಿ ನೀರು.

"ಬಂತು ಮಿಸ್. ಮೇಡಮ್ಮಿಗೆ ಫೋನ್ ಮಾಡ್ತೀನಿ. ಈ ಮರ ಇನ್ನು ಇಲ್ಲೇ ಇರತ್ತೆ, ನಾನಿರೋವರೆಗೂ ಯಾರೂ ಮುಟ್ಟಲ್ಲ."

ಇವರೂ ಏನೋ ಕಲಿತರು ಅನ್ನಿಸಿತು. "ಥ್ಯಾಂಕ್ಸ್ ಸರ್" ಅಂದೆ.

"ಅಲ್ಲ, ಒಂದು ವಿಷಯ." ಅವರು ದನಿ ತಗ್ಗಿಸಿದರು. "ಇಷ್ಟೆಲ್ಲ ಮಾಡಿದೀವಿ. ಇನ್ಮೇಲೆ ಒಂದೂ ಎಲೆ ಉದುರಿಸಬಾರದು. ನೀವು ಸ್ವಲ್ಪ ಹೇಳ್ಬಿಡಿ."

"ಯಾರಿಗೆ ಸರ್?"

"ಮರಕ್ಕಮ್ಮ. ಪರಿಸರದ ಟೀಚರ್ ನೀವು ತಾನೆ?"